ಎಂಟು ಹೋದರೆ ಎಂಟು ಬರಬೇಕು

2019ರ ಫೆಬ್ರವರಿ 23, ಶನಿವಾರ. ಮಧ್ಯಾಹ್ನದಿಂದ ಟಿ.ವಿ.ಯಲ್ಲಿ ಬೆಂಕಿಯದ್ದೇ ಸುದ್ದಿ. ಯಲಹಂಕದಲ್ಲಿ ಏರೋ ಇಂಡಿಯಾ ನೋಡಲು ಬಂದವರು ನಿಲ್ಲಿಸಿದ್ದ ಸುಮಾರು 300 ಕಾರುಗಳು ಒಣಹುಲ್ಲಿನ ಬೆಂಕಿಗೆ ಸುಟ್ಟು ಕರಕಲಾಗಿದ್ದವು. ಅದರ ಬೆನ್ನಿಗೇ ಬಂಡೀಪುರ. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಕಾಡು ಉರಿಯುತ್ತಿತ್ತು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಕೂತು ಇದನ್ನು ನೋಡುತ್ತಿದ್ದಾಗ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಬ್ಯಾಗಿಗೆ ಟವೆಲ್ ತುರುಕುತ್ತಾ, "ತಾತ, ನಾಳೆ ಬೆಳಿಗ್ಗೆ ನಾವು ಎಂಟು ಜನ ಬಂಡೀಪುರಕ್ಕೆ ಹೊರಟಿದೀವಿ. ಬೆಂಕಿ ಆರಿಸೋಕೆ ಜನ ಬೇಕಂತೆ" ಅಂದ.

ಬೇಡ ಅನ್ನಲು ಬಾಯಿ ಬರಲಿಲ್ಲ, ಹೋಗು ಅನ್ನಲು ಧೈರ್ಯ ಬರಲಿಲ್ಲ. ಎರಡು ವರ್ಷದ ಹಿಂದೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಕ್ಕಿ ತೀರಿಕೊಂಡಿದ್ದು ನನ್ನ ಮನಸ್ಸಿನಲ್ಲಿತ್ತು. ನನಗಾದರೋ ಬೆಂಕಿಯ ಬಗ್ಗೆ ಏನು ಗೊತ್ತು? ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಕೌಂಟರಿನ ಪಕ್ಕದ ಗೋಡೆಯ ಮೇಲೆ ಕೆಂಪು ಸಿಲಿಂಡರ್ ಒಂದಿತ್ತು. ಅದರ ಪಿನ್ ಹೇಗೆ ಎಳೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದ ಗೆಳೆಯರೊಬ್ಬರಿದ್ದಾರೆ. ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿ ರೇಂಜರ್ ಆಗಿ ನಿವೃತ್ತರಾದವರು. ಹುಡುಗನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದ ಅವರ ಮನೆಗೆ ಹೋದೆ.

ಅವರು ಮೊದಲು ಕೇಳಿದ್ದು ಬೆಂಕಿಯ ವಿಷಯವಲ್ಲ. "ಯಾವ ಬಟ್ಟೆ ಹಾಕ್ಕೊಂಡು ಹೋಗ್ತೀಯ?" ಎಂದರು. ಇವನು ಮೈಮೇಲಿದ್ದ ಸ್ಪೋರ್ಟ್ಸ್ ಟೀ ಶರ್ಟ್ ತೋರಿಸಿದ. "ಅದು ಪಾಲಿಯೆಸ್ಟರ್. ಕಾವಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ತುಂಬುತೋಳಿನ ಹತ್ತಿ ಅಂಗಿ ಹಾಕ್ಕೋ. ಸರಿ, ಗಾಳಿ ತಿರುಗಿ ಬೆಂಕಿ ನಿನ್ನ ಕಡೆಗೇ ಬಂತು ಅಂತಿಟ್ಕೋ. ಯಾವ ಕಡೆ ಓಡ್ತೀಯ?"

"ಬೆಟ್ಟದ ಮೇಲಕ್ಕೆ, ಅಂಕಲ್."

ಅವರು ಅಡುಗೆಮನೆಯಿಂದ ಬೆಂಕಿಪೊಟ್ಟಣ ತರಿಸಿದರು. ಒಂದು ಕಡ್ಡಿ ಗೀರಿ ಉರಿಯುವ ತುದಿಯನ್ನು ಮೇಲಕ್ಕೆ ಹಿಡಿದರು. ಜ್ವಾಲೆ ನಿಧಾನಕ್ಕೆ ಕೆಳಗಿಳಿಯಿತು. ಇನ್ನೊಂದು ಗೀರಿ ತುದಿಯನ್ನು ಕೆಳಕ್ಕೆ ಹಿಡಿದರು. ಜ್ವಾಲೆ ಸರ್ರನೆ ಕಡ್ಡಿ ಹತ್ತಿ ಬೆರಳು ಮುಟ್ಟಲು ಬಂತು. (ಮಕ್ಕಳೇ, ಇದನ್ನು ನೀವು ಮಾಡಿ ನೋಡಬೇಡಿ, ಓದಿದರೆ ಸಾಕು.) ಕಾವು ಮೇಲಕ್ಕೇ ಹೋಗುತ್ತದೆ. ಇಳಿಜಾರಿನಲ್ಲಿ ಕೆಳಗೆ ಉರಿಯುವ ಬೆಂಕಿ, ಮೇಲಿರುವ ಹುಲ್ಲನ್ನು ತಾನು ತಲುಪುವ ಮೊದಲೇ ಒಣಗಿಸಿ ಕಾಯಿಸಿ ಇಟ್ಟಿರುತ್ತದೆ. ನಾವು ಏದುಸಿರು ಬಿಡುತ್ತಾ ಹತ್ತುವ ದಿಣ್ಣೆಯನ್ನು ಅದು ಓಡುತ್ತಾ ಹತ್ತುತ್ತದೆ. "ಮೇಲಕ್ಕೆ ಓಡಿದವನನ್ನ ಬೆಂಕಿ ಹಿಡಿಯುತ್ತಪ್ಪ. ಪಕ್ಕಕ್ಕೆ ಸರಿದು, ಆಗಲೇ ಸುಟ್ಟು ಆರಿರೋ ಕರಿ ನೆಲ ಸೇರ್ಕೋಬೇಕು. ಅಲ್ಲಿ ಅದಕ್ಕೆ ತಿನ್ನೋಕೆ ಏನೂ ಉಳಿದಿರಲ್ಲ."

ಹೊಸಬರಿಗೆ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಇದೇ ಪಾಠ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಕಾಡಿನ ಬೆಂಕಿಯ ಮುಂಚೂಣಿ ಕೆಲಸಕ್ಕೆ ಸೇರುವವನು ಸುಮಾರು 20 ಕಿಲೋ ಹೊರೆ ಹೊತ್ತು 4.8 ಕಿಲೋಮೀಟರನ್ನು 45 ನಿಮಿಷದಲ್ಲಿ ನಡೆಯಬೇಕು. ಓಡುವಂತಿಲ್ಲ. ಪಾಸಾದರೂ ತರಗತಿಯಲ್ಲಿ ಮತ್ತೆ ಮತ್ತೆ ಕಲಿಸುವುದು ನಾಲ್ಕು ವಿಷಯ. ಬೆಂಕಿಯನ್ನು ದೂರದಿಂದ ನೋಡುತ್ತಿರಲು ಒಬ್ಬ ಕಾವಲಿನವನು ಇರಬೇಕು. ಅವನ ಮಾತು ಎಲ್ಲರಿಗೂ ಮುಟ್ಟಬೇಕು. ತಪ್ಪಿಸಿಕೊಳ್ಳುವ ದಾರಿ ಮೊದಲೇ ಗೊತ್ತಿರಬೇಕು. ಆ ದಾರಿ ಮುಟ್ಟುವ ಜಾಗ ನಿಜಕ್ಕೂ ಸುರಕ್ಷಿತವಾಗಿರಬೇಕು.

ಈ ಪಾಠ ಪುಕ್ಕಟೆ ಬಂದದ್ದಲ್ಲ. 1949ರ ಆಗಸ್ಟ್ 5ರಂದು ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಗೆ ಪ್ಯಾರಾಚೂಟಿನಲ್ಲಿ ಇಳಿದ ಯುವಕರನ್ನು ಬೆಂಕಿ ದಿಣ್ಣೆಯ ಮೇಲಕ್ಕೆ ಅಟ್ಟಿಸಿಕೊಂಡು ಬಂತು. ಮುಖ್ಯಸ್ಥ ವ್ಯಾಗ್ನರ್ ಡಾಡ್ಜ್ ಓಡುವುದನ್ನು ನಿಲ್ಲಿಸಿ, ಮುಂದಿದ್ದ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಸುಟ್ಟ ಜಾಗದ ಬೂದಿಯಲ್ಲಿ ಬೋರಲು ಮಲಗಿದ. ಇಲ್ಲಿಗೇ ಬನ್ನಿ ಎಂದು ಕೂಗಿದ. ಹಾಗೊಂದು ಉಪಾಯವನ್ನು ಕಂಡು ಕೇಳಿರದ ಹುಡುಗರು ಅವನಿಗೆ ತಲೆ ಕೆಟ್ಟಿದೆಯೆಂದುಕೊಂಡರೋ ಏನೋ, ಓಡುತ್ತಲೇ ಹೋದರು. ಡಾಡ್ಜ್ ಬದುಕಿದ. ಇನ್ನಿಬ್ಬರು ಬೆಟ್ಟದ ನೆತ್ತಿ ದಾಟಿ ಉಳಿದರು. 13 ಮಂದಿ ಸತ್ತರು.

ಆ ಸಂಜೆ ಜಯನಗರದಲ್ಲಿ ನಡೆದದ್ದು ಒಂದೂವರೆ ಗಂಟೆಯ ತರಬೇತಿ. ಮೊಮ್ಮಗ, "ನೀರು ಎಲ್ಲಿಂದ ತರ್ತಾರೆ ಅಂಕಲ್?" ಎಂದ. ನಮ್ಮ ಬನ್ನೇರುಘಟ್ಟ ರಸ್ತೆಯಲ್ಲಿರುವ ಅಗ್ನಿಶಾಮಕ ಅಕಾಡೆಮಿಯಲ್ಲಿ ಪೈಪು, ಏಣಿಗಳನ್ನೆಲ್ಲ ಬಳಸುವುದನ್ನು ಕಲಿಸುತ್ತಾರೆ. ಊರಿನ ಬೆಂಕಿಗೆ ಅದು ಸರಿ. ಕಾಡಿನೊಳಗೆ ಲಾರಿ ಹೋಗುವುದೇ ಕಷ್ಟ. ಅಲ್ಲಿ ಬೆಂಕಿಯನ್ನು ಸಾಮಾನ್ಯವಾಗಿ ಉಪವಾಸ ಕೆಡವಿ ಕೊಲ್ಲಬೇಕು. ಉರಿಯಲು ಉರುವಲು, ಗಾಳಿ, ಕಾವು ಮೂರೂ ಬೇಕು. ಕಾಡಿನಲ್ಲಿ ನಮ್ಮ ಕೈಗೆ ಸಿಗುವುದು ಮುಖ್ಯವಾಗಿ ಉರುವಲು. ಅದಕ್ಕೇ ಬೇಸಿಗೆಗೆ ಮುಂಚೆಯೇ ಹುಲ್ಲು ಪೊದೆ ಸವರಿ, ತರಗೆಲೆ ಗುಡಿಸಿ ನೆಲವನ್ನು ಪಟ್ಟಿಯಂತೆ ಬೋಳು ಮಾಡಿಡುತ್ತಾರೆ. ಅದು ಬೆಂಕಿರೇಖೆ. ಈಗ ಎಲೆ ತೂರಲು ಬೆನ್ನಿಗೆ ಕಟ್ಟುವ ಬ್ಲೋವರ್ ಬಂದಿದೆ. ಉಪಗ್ರಹ ಬೆಂಕಿ ಗುರುತಿಸಿದರೆ ಸಿಬ್ಬಂದಿಯ ಮೊಬೈಲಿಗೆ ಸಂದೇಶವೂ ಬರುತ್ತದೆ. ಆದರೂ ಸಣ್ಣ ಜ್ವಾಲೆಯ ಎದುರು ಕೈಯಲ್ಲಿರುವುದು ಹಸಿರು ಸೊಪ್ಪಿನ ಕೊಂಬೆಯೇ.

ಆ ಕೊಂಬೆ ಹಿಡಿಯುವುದಕ್ಕೂ ಒಂದು ಕ್ರಮವಿದೆ. ನಮ್ಮ ಗೆಳೆಯರು ಎದ್ದು ನಿಂತು ಪೊರಕೆ ಹಿಡಿದು ತೋರಿಸಿದರು. ತಲೆಯ ಮೇಲೆತ್ತಿ ಬಟ್ಟೆ ಒಗೆದಂತೆ ಬಡಿದರೆ ಕಿಡಿ ಹಾರಿ ಹಿಂದಿನ ಒಣಹುಲ್ಲಿಗೆ ಬೀಳುತ್ತದೆ. ಕೊಂಬೆಯನ್ನು ಮೊಣಕಾಲಿಗಿಂತ ಮೇಲೆತ್ತದೆ ಜ್ವಾಲೆಯ ಮೇಲೆ ಒತ್ತಿ, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಆರಿತು ಎಂದುಕೊಂಡ ಮೇಲೂ ಮುಗಿಯಲಿಲ್ಲ. ಪೊಳ್ಳು ಮರದ ಬುಡದಲ್ಲಿ ಕೆಂಡ ದಿನಗಟ್ಟಲೆ ಕೂತಿರುತ್ತದೆ; ಅಂಗೈ ಸುಟ್ಟುಕೊಳ್ಳದಂತೆ ಹಿಂಗೈಯನ್ನು ಹತ್ತಿರ ಹಿಡಿದು ಕಾವು ನೋಡಬೇಕು. ಒಳಗೆ ಉರಿದ ಮರ ಯಾವಾಗ ಬೇಕಾದರೂ ಬಿದ್ದೀತು, ಅದರ ಕೆಳಗೆ ಕೂತು ಬನ್ನು ತಿನ್ನಬೇಡ ಎಂದೂ ಸೇರಿಸಿದರು.

ಕಾಡಿನವರಿಗೆ ಬೆಂಕಿ ಶತ್ರು ಮಾತ್ರವಲ್ಲ ಎಂದು ಆ ದಿನವೇ ನನಗೆ ಗೊತ್ತಾದದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುನ್ನ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರಂತೆ. ಅದನ್ನು ತರಗು ಬೆಂಕಿ ಎನ್ನುತ್ತಿದ್ದರು. ಆ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ನಿಂತದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಇದೆ. ನಮ್ಮ ಗೆಳೆಯರು ಇಲಾಖೆಯವರಾಗಿಯೂ, "ಅವರ ಮಾತಲ್ಲೂ ಹುರುಳಿದೆ ರಾಯರೇ" ಎಂದರು. ನನಗಂತೂ ಆ ಮಾತು ಹಿಡಿಸಿತು.

ಹೊರಡುವಾಗ ಅವರು ಹುಡುಗನ ಭುಜ ಹಿಡಿದು ಹೇಳಿದ್ದಿಷ್ಟು: "ಒಳಗೆ ಹೋಗೋ ಮುಂಚೆ ತಲೆ ಎಣಿಸಿ. ಹೊರಗೆ ಬಂದ ಮೇಲೆ ಎಣಿಸಿ. ಎಂಟು ಹೋದರೆ ಎಂಟು ಬರಬೇಕು. ಅಲ್ಲಿನ ವಾಚರ್ ನಿಲ್ಲು ಅಂದ್ರೆ ನಿಲ್ಲು, ಓಡು ಅಂದ್ರೆ ಓಡು. ವಾದ ಮಾಡೋಕೆ ಅದು ಕಾಲೇಜಲ್ಲ." ದಿನದ ಕೊನೆಗೆ ಕ್ಯಾಶ್ ಟ್ಯಾಲಿ ಮಾಡದೆ ಬ್ಯಾಂಕಿನಿಂದ ಎದ್ದವನಲ್ಲ ನಾನು. ಈ ಒಂದು ಪಾಠ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ನನ್ನ ಹಳೆಯ ಬಿಳಿ ಹತ್ತಿ ಅಂಗಿ ತೊಟ್ಟು ಹೊರಟ. ಸೋಮವಾರ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ತೂಗುಬಿಟ್ಟುಕೊಂಡು ಕಾಡಿನ ಮೇಲೆ ನೀರು ಸುರಿದದ್ದನ್ನು ಟಿ.ವಿ.ಯಲ್ಲಿ ನೋಡಿದೆವು. ನನ್ನ ಕಣ್ಣು ಹೆಲಿಕಾಪ್ಟರಿಗಿಂತ ಕೆಳಗೆ ಓಡಾಡುತ್ತಿದ್ದವರ ಮೇಲೇ ಇತ್ತು. ರಾತ್ರಿ ಒಂಬತ್ತಕ್ಕೆ ಫೋನು. "ತಾತ, ಎಂಟೂ ಜನ ಬಸ್ಸಲ್ಲಿದೀವಿ."

ಅವರನ್ನು ದೊಡ್ಡ ಜ್ವಾಲೆಯ ಹತ್ತಿರ ಬಿಟ್ಟಿರಲಿಲ್ಲ. ನೀರಿನ ಕ್ಯಾನು, ಊಟದ ಪೊಟ್ಟಣ ಹೊರುವುದು, ರಸ್ತೆ ಬದಿ ಹೊಗೆಯಾಡುವ ಬೊಡ್ಡೆಗಳಿಗೆ ಮಣ್ಣು ಎಳೆಯುವುದು ಇವರ ಕೆಲಸ. ಅವನಿಗೆ ಅದರಿಂದ ಸ್ವಲ್ಪ ನಿರಾಶೆಯೇ ಆಗಿತ್ತು. ಆದರೆ ಒಂದು ವಿಷಯವನ್ನು ಎರಡೆರಡು ಸಲ ಹೇಳಿದ. ಒಬ್ಬ ವಯಸ್ಸಾದ ವಾಚರ್ ಇದ್ದರಂತೆ, ಆ ಸೀಮೆಯ ಹಾಡಿಯವರು. ಇವರು ಕೆಲಸ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಕೈಯಲ್ಲಿದ್ದ ಕೊಂಬೆ ಕೆಳಗೆ ಹಾಕಿ, ಒಂದು ಹಿಡಿ ಬೂದಿ ತೂರಿ ನೋಡಿ, "ಏಳ್ರಪ್ಪ, ಆ ಕಡೆ ನಡೀರಿ" ಎಂದರಂತೆ. ಎಲ್ಲ ಎದ್ದು ಸುಟ್ಟ ನೆಲಕ್ಕೆ ದಾಟಿದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ, ಇವರು ಕೂತಿದ್ದ ಜಾಗದ ಲಂಟಾನಾ ಪೊದೆ ಪಟಪಟನೆ ಹೊತ್ತಿಕೊಂಡಿತು.

"ಅವರ ಹೆಸರೇನೋ?" ಎಂದೆ.

"ಕೇಳೋದೇ ಮರೆತೆ ತಾತ" ಎಂದು ಅಂಗಿ ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟ. ಮೂರು ಸಲ ಒಗೆದರೂ ಅದರ ಹೊಗೆ ವಾಸನೆ ಹೋಗಲಿಲ್ಲ.