ದರಕಿನ ಗೊಬ್ಬರ, ಕಣಜದ ಕಾಟವಿಲ್ಲದೆ

ಶಿರಸಿ ಸೀಮೆಯ ವಾನಳ್ಳಿಯಂಥ ಊರುಗಳಲ್ಲಿ ಅಡಿಕೆ ತೋಟದ ಗೊಬ್ಬರಕ್ಕೆ ಆಧಾರವಾಗಿರುವುದು ಸೊಪ್ಪಿನ ಬೆಟ್ಟ, ಅಂದರೆ ಹಸಿ ಸೊಪ್ಪನ್ನೂ ದರಕು ಎಂದು ಕರೆಯಲಾಗುವ ಉದುರಿದ ಒಣ ಎಲೆಯನ್ನೂ ತರಲೆಂದು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಸವಲತ್ತಾಗಿ ಬಂದ ಕಾಡು. ಈ ದರಕನ್ನು ಕೊಟ್ಟಿಗೆಗೆ ಹಾಸದೆ, ಸಗಣಿ ಬೆರೆಸದೆ, ಬರಿಯ ತೇವದಲ್ಲಿ ಕೊಳೆಸಿದರೆ ದೊರೆಯುವುದೇ ಎಲೆಗೊಬ್ಬರ. ಎಲೆಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಒಡೆಯುವ ಕೆಲಸ ಮುಖ್ಯವಾಗಿ ಶಿಲೀಂಧ್ರಗಳದ್ದಾದ್ದರಿಂದ ರಾಶಿ ಹೆಚ್ಚು ಬಿಸಿಯೇರುವುದಿಲ್ಲ, ಹದಕ್ಕೆ ಬರಲು ಸುಮಾರು ಒಂದು ವರ್ಷ ಹಿಡಿಯುತ್ತದೆ.

ಕಣಜದ ಹುಳುಗಳನ್ನು ಸೆಳೆಯುವುದು ಎಲೆಯಲ್ಲ, ಅದರ ಮೇಲೆ ಉದಾಸೀನದಿಂದ ಎಸೆದ ಮಾವು, ಹಲಸಿನ ಸಿಪ್ಪೆಯ ಸಿಹಿ. ಒಣಗಿ ಪೊಳ್ಳಾದ ರಾಶಿ ಗೂಡಿಗೂ ಒದಗುವುದರಿಂದ, ಬೇಸಿಗೆಯುದ್ದಕ್ಕೂ ನೀರು ಚಿಮುಕಿಸಿ ಆಗಾಗ ಮಗುಚುವುದು ಲೇಸು. ಆದರೆ ಹುಳುಗಳು ಒಂದೇ ಕಿಂಡಿಯಿಂದ ಹೋಗಿಬರುತ್ತಿರುವುದು ಕಂಡರೆ ಆ ರಾಶಿಯನ್ನು ಕೆದಕಬಾರದು.