ಡಿಕ್ಕಿಯ ಸಬ್‌ವೂಫರ್: ಹೆದರಬೇಕಾದದ್ದು ಯಾವುದಕ್ಕೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಗಳ ಮುಂದೆ ನಿಂತರೆ ಸಬ್‌ವೂಫರ್ ಬಗ್ಗೆ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. "ಇದೆಲ್ಲ ನೀವು ಮಾಡೋ ಕೆಲಸ ಅಲ್ಲ ಸರ್, ವೈರ್ ಮುಟ್ಟಿದ್ರೆ ಕಾರಿನ ಕಂಪ್ಯೂಟರೇ ಹೋಗುತ್ತೆ" ಎಂಬುದು ಒಂದು. "ಬರೀ 12 ವೋಲ್ಟು, ಶಾಕ್ ಕೂಡ ಹೊಡೆಯಲ್ಲ, ಏನಾಗುತ್ತೆ?" ಎಂಬುದು ಯೂಟ್ಯೂಬ್ ನೋಡಿ ಬಂದ ಹುಡುಗರದು. ಎರಡೂ ತಪ್ಪು. ಸ್ಪ್ಯಾನರ್ ಹಿಡಿಯಲು ಗೊತ್ತಿರುವ, ಒಂದು ಭಾನುವಾರವನ್ನು ಇದಕ್ಕೆಂದು ಎತ್ತಿಡಬಲ್ಲ ಯಾರಾದರೂ ತಮ್ಮ ಕಾರಿಗೆ ತಾವೇ ಸಬ್‌ವೂಫರ್ ಕೂರಿಸಿಕೊಳ್ಳಬಹುದು. ತೊಂದರೆಯೆಂದರೆ ನಮ್ಮಲ್ಲಿ ಬಹಳ ಜನ ಹೆದರಬೇಕಿಲ್ಲದ ಕಡೆ ಹೆದರುತ್ತಾರೆ, ಹೆದರಲೇಬೇಕಾದ ಕಡೆ ಕಣ್ಣು ಮುಚ್ಚಿ ಮುಂದೆ ಹೋಗುತ್ತಾರೆ.

"12 ವೋಲ್ಟು ತಾನೆ, ಏನೂ ಆಗಲ್ಲ"

ಒಣಗಿದ ಕೈಗೆ 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಇಲ್ಲಿ ಅಪಾಯ ಇರುವುದು ಆಂಪಿಯರಿನಲ್ಲಿ. ಮನೆಯಲ್ಲಿ ಗೀಸರಿನ ದೊಡ್ಡ ಸಾಕೆಟ್ಟೇ 16 ಆಂಪಿಯರಿನದು. ಸ್ಟಾರ್ಟರ್ ಮೋಟರನ್ನು ತಿರುಗಿಸಲೆಂದೇ ಮಾಡಿದ ಕಾರಿನ ಬ್ಯಾಟರಿ ಕಣ್ಣು ಮಿಟುಕಿಸುವುದರೊಳಗೆ ನೂರಾರು ಆಂಪಿಯರ್ ಕೊಡಬಲ್ಲದು. ಪ್ಲಸ್ ಟರ್ಮಿನಲ್ಲಿನ ನಟ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳಬಹುದು. ಬೆರಳಿನ ಉಂಗುರ ಆ ನಡುವೆ ಸಿಕ್ಕಿಕೊಂಡರೆ ಬೆರಳು ಸುಟ್ಟೇ ಹೋಗುತ್ತದೆ. ಹೀಗಾಗಿ ಉಂಗುರ, ವಾಚು ತೆಗೆದಿಟ್ಟು ಮೊದಲು ಮೈನಸ್ ಟರ್ಮಿನಲ್ ಬಿಚ್ಚಬೇಕು. ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಹಾಕಬೇಕು. ಕಾರಿನ ಬಾಡಿಯೂ ಮೈನಸ್ಸೇ ಆದ್ದರಿಂದ ಆ ಕಡೆ ಸ್ಪ್ಯಾನರ್ ತಾಗಿದರೂ ಕಿಡಿ ಹಾರುವುದಿಲ್ಲ.

"ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆ, ಇನ್ನೊಂದು ದಂಡ"

ಕೇಳಲು ಸರಿಯೆನಿಸುವ ಮಾತು, ಅದಕ್ಕೇ ಎಲ್ಲಕ್ಕಿಂತ ಅಪಾಯಕಾರಿ. ಆಂಪ್ಲಿಫೈಯರಿನ ಮೈಮೇಲಿನ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ, ಅಷ್ಟೆ. ಬ್ಯಾಟರಿಯಿಂದ ಅಲ್ಲಿಯವರೆಗೆ ನಾಲ್ಕೈದು ಮೀಟರ್ ವೈರ್ ಇದೆ. ಅದು ಸಾಗುವ ದಾರಿಯನ್ನೊಮ್ಮೆ ಗಮನಿಸಿ: ಬಾನೆಟ್ಟಿನಡಿಯ ಬಿಸಿ, ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಲ್ಲೊಂದು ತೂತು, ಪೆಡಲುಗಳ ಹಿಂದಿನಿಂದ ಇಳಿದು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಅಡಿ, ಹಿಂದಿನ ಸೀಟಿನ ಕೆಳಗೆ, ಕೊನೆಗೆ ಡಿಕ್ಕಿ. ಆ ತೂತಿನ ತಗಡಿನಂಚು ಚೂಪಾಗಿರುತ್ತದೆ. ರಬ್ಬರ್ ಗ್ರೊಮೆಟ್ ಇಲ್ಲದೆ ವೈರ್ ಎಳೆದುಬಿಟ್ಟರೆ ಇಂಜಿನ್ನಿನ ನಡುಕಕ್ಕೆ, ನಮ್ಮ ರಸ್ತೆಗಳ ಹಂಪುಗಳಿಗೆ ಅದರ ಹೊದಿಕೆ ದಿನದಿನವೂ ಇಷ್ಟಿಷ್ಟೇ ಸವೆಯುತ್ತದೆ. ಕೂರಿಸಿದ ದಿನ ಏನೂ ಕಾಣುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಒಳಗಿನ ತಾಮ್ರ ತಗಡಿಗೆ ತಾಗುತ್ತದೆ. ಆಗ ಬ್ಯಾಟರಿಯಿಂದ ಹೊರಟ ಕರೆಂಟು ಆಂಪ್ಲಿಫೈಯರ್ ತನಕ ಹೋಗುವುದೇ ಇಲ್ಲ, ಹಾಗಾಗಿ ಅಲ್ಲಿನ ಫ್ಯೂಸ್ ಹಾರುವುದೂ ಇಲ್ಲ. ವೈರ್ ಕೆಂಪಗೆ ಕಾಯುತ್ತದೆ, ಸುತ್ತಲಿನ ಪ್ಲಾಸ್ಟಿಕ್ಕು, ಕಾರ್ಪೆಟ್ಟು ಹೊತ್ತಿಕೊಳ್ಳುತ್ತದೆ. ಕಾರು ನಿಲ್ಲಿಸಿ ಮನೆಯೊಳಗೆ ಹೋಗಿ ಮಲಗಿದ್ದರೂ ಇದು ಆಗಬಹುದು, ಏಕೆಂದರೆ ನೇರ ಬ್ಯಾಟರಿಯಿಂದ ಬರುವ ಈ ವೈರಿಗೆ ಇಗ್ನಿಷನ್ ಕೀಯ ಹಂಗಿಲ್ಲ.

ಆದ್ದರಿಂದ ಮುಖ್ಯ ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಹೆಚ್ಚೆಂದರೆ 45 ಸೆಂಟಿಮೀಟರ್ ಒಳಗೆ. ಅದರ ಅಳತೆಯನ್ನು ನಿರ್ಧರಿಸುವಾಗಲೂ ನೋಡಬೇಕಾದದ್ದು ವೈರಿನ ದಪ್ಪವನ್ನು. 8 ಗೇಜಿನ, ಅಂದರೆ ಸುಮಾರು 8 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ವೈರಿಗೆ 50 ಆಂಪಿಯರಿನ ಫ್ಯೂಸ್ ಸರಿ. 21 ಚದರ ಮಿಲಿಮೀಟರಿನ 4 ಗೇಜಿಗೆ 100 ಹಾಕಬಹುದು. "ಪದೇಪದೇ ಹಾರುತ್ತೆ" ಎಂದು ಇನ್ನೂ ದೊಡ್ಡ ಫ್ಯೂಸ್ ತುರುಕಿದರೆ ಫ್ಯೂಸ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ವೈರಿನ ವಿಷಯದಲ್ಲಿ ಇನ್ನೊಂದು ಮೋಸವಿದೆ. ಅಗ್ಗದ ವೈರಿಂಗ್ ಕಿಟ್ಟುಗಳಲ್ಲಿ ಬರುವುದು ಬಹುಪಾಲು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರು. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಸಿಸಿಎ ಎಂದಿರುತ್ತದೆ. ಅಲ್ಯೂಮಿನಿಯಂ ವಿದ್ಯುತ್ ಒಯ್ಯುವ ಶಕ್ತಿ ತಾಮ್ರದ ಸುಮಾರು ಶೇ 61ರಷ್ಟು ಮಾತ್ರ. ಅದನ್ನೇ ಬಳಸುವುದಾದರೆ ಎರಡು ಗೇಜಿನಷ್ಟು ಹೆಚ್ಚು ದಪ್ಪದ್ದು ಬೇಕು. ಅನುಮಾನವಿದ್ದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಗೊತ್ತಾಗುತ್ತದೆ.

"3000 ವಾಟ್ ಅಂದರೆ 3000 ವಾಟ್"

ಆಂಪ್ಲಿಫೈಯರ್ ಡಬ್ಬದ ಮೇಲಿನ ದೊಡ್ಡ ಅಂಕಿ ಗರಿಷ್ಠ ವಾಟ್, ಅಂದರೆ ಒಂದು ಕ್ಷಣದ ಲೆಕ್ಕ. ಅದನ್ನು ಹೇಗೆ ಅಳೆದರೆಂದು ಕೇಳುವವರಿಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದ ಅಂಕಿ, ಅಂದರೆ ಸತತವಾಗಿ ಕೊಡಬಲ್ಲ ವಾಟ್. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದ ಉದ್ಯಮ ಸಂಘಟನೆ 2003ರಲ್ಲಿ ಸಿಇಎ-2006 ಎಂಬ ಮಾನದಂಡ ತಂದಿತು: 14.4 ವೋಲ್ಟಿನಲ್ಲಿ, 4 ಓಮ್ ಹೊರೆಗೆ, ಶೇ 1ಕ್ಕಿಂತ ಹೆಚ್ಚು ವಿರೂಪವಿಲ್ಲದೆ ಎಷ್ಟು ವಾಟ್ ಬರುತ್ತದೋ ಅಷ್ಟನ್ನೇ ಬರೆಯಬೇಕು. ಆ ಗುರುತಿಲ್ಲದ ಡಬ್ಬ ಸಿಕ್ಕಿದರೆ ಅಂಗಡಿಯಲ್ಲೇ ಒಂದು ಲೆಕ್ಕ ಹಾಕಿ. ಆಂಪ್ಲಿಫೈಯರಿನ ಫ್ಯೂಸ್ 30 ಆಂಪಿಯರ್ ಎಂದುಕೊಳ್ಳೋಣ. 14 ವೋಲ್ಟಿನಿಂದ ಗುಣಿಸಿದರೆ 420 ವಾಟ್. ಅದು ಒಳಗೆ ಹೋಗುವ ಶಕ್ತಿ. ಕ್ಲಾಸ್ ಡಿ ಆಂಪ್ಲಿಫೈಯರ್ ಅದರಲ್ಲಿ ಶೇ 80ರಷ್ಟನ್ನು ಹೊರಗೆ ಕೊಟ್ಟರೂ 340 ವಾಟ್ ದಾಟುವುದಿಲ್ಲ. 3000 ಎಲ್ಲಿಂದ ಬರಬೇಕು?

ಅಷ್ಟಕ್ಕೂ ವಾಟಿನ ಹಿಂದೆ ಅಷ್ಟು ಓಡಬೇಕಿಲ್ಲ. ವಾಟ್ ಇಮ್ಮಡಿಯಾದರೆ ಶಬ್ದ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಸಣ್ಣ ಕಾರಿಗೆ 200ರಿಂದ 300 ನಿಜವಾದ ವಾಟ್ ಬೇಕಾದಷ್ಟಾಯಿತು.

"ಹೆಡ್‌ಲೈಟ್ ಮಿಣುಕಿದರೆ ಕೆಪಾಸಿಟರ್ ಹಾಕಿ"

ನೀಲಿ ದೀಪ ಬೆಳಗುವ ಡಿಜಿಟಲ್ ಮೀಟರಿನ 1 ಫ್ಯಾರಡ್ ಕೆಪಾಸಿಟರ್ ನೋಡಲು ಚೆಂದ. ವೋಲ್ಟೇಜ್ 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡಬಲ್ಲ ಶಕ್ತಿ 26 ಜೂಲ್. 500 ವಾಟ್ ಎಳೆಯುವ ಆಂಪ್ಲಿಫೈಯರಿಗೆ ಅದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೆ ಸಾಕು. 35 ಆಂಪಿಯರ್-ಅವರಿನ ಸಾಮಾನ್ಯ ಬ್ಯಾಟರಿಯಲ್ಲಿರುವುದು ಸುಮಾರು 15 ಲಕ್ಷ ಜೂಲ್. ಬೋರ್‌ವೆಲ್ಲಿನಲ್ಲಿ ನೀರು ಕಡಿಮೆಯಾದಾಗ ಮನೆಗೊಂದು ಚೊಂಬು ಹೆಚ್ಚು ತಂದಂತೆ ಇದು. ಹೆಡ್‌ಲೈಟ್ ಮಿಣುಕುವುದು ಆಲ್ಟರ್ನೇಟರ್ ಸಾಲದಿದ್ದರೆ, ಬ್ಯಾಟರಿ ಹಳತಾಗಿದ್ದರೆ, ಇಲ್ಲವೇ ವೈರ್ ತೆಳ್ಳಗಿದ್ದರೆ. ಕೆಪಾಸಿಟರಿನ ದುಡ್ಡನ್ನು ಹೊಸ ಬ್ಯಾಟರಿಗೆ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಮತ್ತು ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ ಹೋಗುವ ದಪ್ಪ ವೈರಿಗೆ ಹಾಕುವುದು ಮೇಲು.

"ಬಾಕ್ಸ್ ಬರೀ ಸ್ಪೀಕರ್ ಹಿಡಿದುಕೊಳ್ಳೋಕೆ"

ಒಂದು ಸಬ್‌ವೂಫರನ್ನು ಬಾಕ್ಸಿಲ್ಲದೆ ಕೈಯಲ್ಲಿ ಹಿಡಿದು ನುಡಿಸಿ ನೋಡಿದವರಿಗೆ ಈ ಮಾತು ಹೇಳಲು ಬಾಯಿ ಬರುವುದಿಲ್ಲ. ಕೋನ್ ಅಷ್ಟು ಜೋರಾಗಿ ಅದುರುತ್ತಿದ್ದರೂ ಬೇಸೇ ಇರುವುದಿಲ್ಲ. ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಎರಡೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಗಾಳಿಯನ್ನು ಮುಂದಿನದರಿಂದ ಬೇರ್ಪಡಿಸುವುದು ಬಾಕ್ಸಿನ ಮೊದಲ ಕೆಲಸ. ಎರಡನೆಯದು, ಒಳಗಿನ ಗಾಳಿ ಸ್ಪ್ರಿಂಗಾಗಿ ಕೋನನ್ನು ಹದ್ದುಬಸ್ತಿನಲ್ಲಿಡುವುದು. ಈ ತತ್ವದ ಮೇಲೆ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದ ಆಳವಾದ ಬೇಸ್ ತೆಗೆದು ತೋರಿಸಿದ. ತೂತಿರುವ ಪೋರ್ಟೆಡ್ ಪೆಟ್ಟಿಗೆಯ ಗಣಿತವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿದ, ರಿಚರ್ಡ್ ಸ್ಮಾಲ್ 70ರ ದಶಕದಲ್ಲಿ ಅದನ್ನು ಬೆಳೆಸಿದ. ಇವತ್ತು ಒಳ್ಳೆಯ ಸಬ್‌ವೂಫರಿನ ಜೊತೆ ಬರುವ ಕಾಗದದಲ್ಲಿರುವ ಥೀಲ್-ಸ್ಮಾಲ್ ಅಂಕಿಗಳು ಇವರದೇ ಕೊಡುಗೆ.

ಆ ಕಾಗದದಲ್ಲಿ "ಇಷ್ಟು ಲೀಟರಿನ ಬಾಕ್ಸ್" ಎಂದಿರುತ್ತದೆ. 12 ಇಂಚಿನ ಸಬ್‌ವೂಫರಿಗೆ ಮುಚ್ಚಿದ ಬಾಕ್ಸಾದರೆ 28 ಲೀಟರ್ ಆಸುಪಾಸು ಸಾಮಾನ್ಯ. ಅದಕ್ಕಿಂತ ತೀರ ಚಿಕ್ಕದಾದರೆ ಬೇಸ್ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ, ತೀರ ದೊಡ್ಡದಾದರೆ ಕೋನಿಗೆ ಕಡಿವಾಣ ತಪ್ಪುತ್ತದೆ. ಪೋರ್ಟೆಡ್ ಬಾಕ್ಸ್ ಅಷ್ಟೇ ವಾಟಿಗೆ ಹೆಚ್ಚು ಜೋರಾಗಿ ನುಡಿಯುತ್ತದೆ. ಆದರೆ ಅದನ್ನು ಶ್ರುತಿ ಮಾಡಿದ ಕಂಪನಾಂಕಕ್ಕಿಂತ ಕೆಳಗೆ ಗಾಳಿಯ ಆಸರೆ ಕಳಚಿಬೀಳುತ್ತದೆ, ಆದ್ದರಿಂದ ಆ ಕೆಳಗಿನ ಕಂಪನಗಳನ್ನು ತಡೆಯುವ, ಆಂಪ್ಲಿಫೈಯರಿನ ಸಬ್‌ಸಾನಿಕ್ ಫಿಲ್ಟರ್ ಹಾಕಲೇಬೇಕು. ಮೊದಲ ಸಲ ಕೈಹಾಕುವವರಿಗೆ ನನ್ನ ಮತ ಮುಚ್ಚಿದ ಬಾಕ್ಸಿಗೆ. 18 ಮಿಲಿಮೀಟರ್ ಎಂಡಿಎಫ್ ಹಲಗೆ ತಂದು, ಒಳಗಿನ ಮೂಲೆಗಳಿಗೆಲ್ಲ ಸಿಲಿಕೋನ್ ಬಳಿದರೆ ಲೆಕ್ಕ ಒಂದೆರಡು ಲೀಟರ್ ಹೆಚ್ಚುಕಡಿಮೆಯಾದರೂ ಅದು ಕ್ಷಮಿಸುತ್ತದೆ. ಸಿಎನ್‌ಜಿ ಸಿಲಿಂಡರ್ ಡಿಕ್ಕಿ ತುಂಬಿಕೊಂಡಿದ್ದರೆ ಸೀಟಿನಡಿ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಸಬ್‌ವೂಫರ್ ಸಾಕು. ಅದು ಮೈ ನಡುಗಿಸುವುದಿಲ್ಲ, ಹಾಡಿಗೆ ತಳ ಕೊಡುತ್ತದೆ.

"ಬೇಸ್ ಅಲೆಗೆ ಉದ್ದ ಜಾಗ ಬೇಕು, ಕಾರಿನೊಳಗೆ ಕೇಳಲ್ಲ" ಎಂಬುದು ತಿಳಿದವರ ಬಾಯಲ್ಲೂ ಬರುವ ಮಾತು. 40 ಹರ್ಟ್ಸಿನ ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ, ಕಾರು ಅದರ ಅರ್ಧ ಎಂಬ ತರ್ಕ. ಹಾಗಿದ್ದರೆ ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನಲ್ಲಿ ಬೇಸ್ ಕೇಳಲೇಬಾರದಿತ್ತು. ಕಿವಿ ಗುರುತಿಸುವುದು ಗಾಳಿಯ ಒತ್ತಡದ ಏರಿಳಿತವನ್ನು. ಮುಚ್ಚಿದ ಚಿಕ್ಕ ಕ್ಯಾಬಿನ್ನಿನಲ್ಲಿ ಕೆಳ ಕಂಪನಾಂಕಗಳಿಗೆ ಆ ಒತ್ತಡ ಇನ್ನೂ ಹೆಚ್ಚುತ್ತದೆ. ಮನೆಯ ಹಾಲಿಗಿಂತ ಕಾರಿನಲ್ಲಿ ಕಡಿಮೆ ವಾಟಿಗೆ ಒಳ್ಳೆಯ ಬೇಸ್ ಬರುವುದು ಹೀಗೆ. ಹಾಗೆಯೇ 12 ಇಂಚಿನದು ನಿಧಾನ, 8 ಇಂಚಿನದು ಚುರುಕು ಎಂಬುದಕ್ಕೂ ಆಧಾರವಿಲ್ಲ. ಎರಡೂ ನುಡಿಸುವುದು 80 ಹರ್ಟ್ಸಿನ ಕೆಳಗಿನ ಅದೇ ಕಂಪನಗಳನ್ನು. ತಡವರಿಸುವಂತೆ ಕೇಳಿದರೆ ಬಾಕ್ಸನ್ನೋ, ಕಂಪನಗಳನ್ನು ಸ್ಪೀಕರುಗಳಿಗೆ ಹಂಚುವ ಕ್ರಾಸ್‌ಓವರನ್ನೋ ಅನುಮಾನಿಸಿ.

"ಕಡಿಮೆ ವಾಟ್ ಕೊಟ್ಟರೆ ಸಬ್‌ವೂಫರ್ ಸುಟ್ಟುಹೋಗುತ್ತದೆ"

ಕಡಿಮೆ ವಾಟಿನಿಂದ ಯಾವ ಸ್ಪೀಕರೂ ಸುಡುವುದಿಲ್ಲ, ಸುಮ್ಮನೆ ಮೆಲ್ಲಗೆ ನುಡಿಯುತ್ತದೆ. ಸುಡುವುದು ಸಾಲದ ಆಂಪ್ಲಿಫೈಯರನ್ನು ಮಿತಿ ಮೀರಿ ಎಳೆದಾಗ. ಆಗ ಅಲೆಯ ತಲೆ ಕತ್ತರಿಸಿಹೋಗಿ ಚೌಕವಾಗುತ್ತದೆ. ಪೂರ್ತಿ ಚೌಕವಾದ ಅಲೆ ಅಷ್ಟೇ ಎತ್ತರದ ದುಂಡು ಅಲೆಗಿಂತ ಎರಡು ಪಟ್ಟು ಶಕ್ತಿ ಒಯ್ಯುತ್ತದೆ, ಸ್ಪೀಕರಿನೊಳಗಿನ ಕಾಯಿಲ್ ಅದರ ಬಿಸಿಗೆ ಕರಕಾಗುತ್ತದೆ.

ಇಲ್ಲಿಗೇ ಬರುತ್ತದೆ ಆಂಪ್ಲಿಫೈಯರಿನ ಗೇಯ್ನ್ ತಿರುಗಣೆ. ಅದನ್ನು ವಾಲ್ಯೂಮ್ ಎಂದುಕೊಂಡು ಕೊನೆಯವರೆಗೂ ತಿರುಗಿಸುತ್ತಾರೆ. ಸ್ಟೀರಿಯೋ ಕಳಿಸುವ ಸಿಗ್ನಲ್ಲಿಗೂ ಆಂಪ್ಲಿಫೈಯರಿನ ಗ್ರಹಣಶಕ್ತಿಗೂ ಹೊಂದಾಣಿಕೆ ಮಾಡುವುದಷ್ಟೇ ಅದರ ಕೆಲಸ. ಇದನ್ನು ಮುನ್ನೂರು ರೂಪಾಯಿಯ ಮಲ್ಟಿಮೀಟರಿನಿಂದ ಸರಿಯಾಗಿ ಮಾಡಬಹುದು. ಆಂಪ್ಲಿಫೈಯರ್ 2 ಓಮಿಗೆ 300 ವಾಟ್ ಆರ್‌ಎಂಎಸ್ ಎನ್ನಿ. 300ನ್ನು 2ರಿಂದ ಗುಣಿಸಿ ವರ್ಗಮೂಲ ತೆಗೆದರೆ 24.5. ಸಬ್‌ವೂಫರಿನ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಪೂರ್ತಿ ಆರಿಸಿ, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗಿಟ್ಟು 50 ಹರ್ಟ್ಸಿನ ಟೋನ್ ನುಡಿಸಿ. ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಹಿಡಿದು, ಗೇಯ್ನನ್ನು ಸೊನ್ನೆಯಿಂದ ಮೆಲ್ಲನೆ ಏರಿಸುತ್ತ 24.5 ಮುಟ್ಟುವ ಮೊದಲೇ ನಿಲ್ಲಿಸಿ. 50 ಹರ್ಟ್ಸೇ ಏಕೆಂದರೆ ಅಗ್ಗದ ಮೀಟರುಗಳು ಸರಿಯಾಗಿ ಅಳೆಯುವುದು ಮನೆಯ ಕರೆಂಟಿನ ಕಂಪನಾಂಕವನ್ನು, ನಮ್ಮ ದೇಶದಲ್ಲಿ ಅದು 50. ಆಮೇಲೆ ಸಬ್‌ವೂಫರಿಗೆ 80 ಹರ್ಟ್ಸಿನ ಲೋ ಪಾಸ್, ಅಂದರೆ ಅದಕ್ಕಿಂತ ಮೇಲಿನ ಕಂಪನಗಳನ್ನು ತಡೆಯುವ ಫಿಲ್ಟರ್ ಹಾಕಿದರೆ ಬೇಸ್ ಹಿಂದಿನಿಂದ ಬರುತ್ತಿದೆ ಎಂದೇ ಅನಿಸುವುದಿಲ್ಲ.

ಇನ್ನು ಅಂಗಡಿಯಲ್ಲಿ ಕೇಳಿದ, ಕಾರಿನ ಕಂಪ್ಯೂಟರ್ ಹೋಗುತ್ತದೆ ಎಂಬ ಭಯಕ್ಕೆ ಬರೋಣ. ಸಬ್‌ವೂಫರಿನ ವೈರಿಂಗು ಕಾರಿನ ಇಸಿಯು ಕಡೆ ಸುಳಿಯುವುದೇ ಇಲ್ಲ. ಕಂಪನಿಯ ಟಚ್‌ಸ್ಕ್ರೀನ್ ಕಿತ್ತುಹಾಕಬೇಕಾಗಿಯೂ ಇಲ್ಲ. ಈಗಿನ ಬಹಳಷ್ಟು ಆಂಪ್ಲಿಫೈಯರುಗಳು ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತವೆ, ಇಲ್ಲದಿದ್ದರೆ ನಡುವೆ ಒಂದು ಲೈನ್ ಔಟ್‌ಪುಟ್ ಕನ್ವರ್ಟರ್ ಸಾಕು. ವಾರಂಟಿಯ ಚಿಂತೆಯಿರುವವರು ವೈರ್ ಕತ್ತರಿಸದೆ ಆ ಮಾಡೆಲ್ಲಿಗೆ ಸಿಗುವ ಕಪ್ಲರ್ ಬಳಸಲಿ. ಮುಟ್ಟಲೇಬಾರದ್ದು ಒಂದಿದೆ: ಹೊಸ್ತಿಲ ಪಟ್ಟಿಯಡಿ, ಸೀಟಿನ ಕೆಳಗೆ ಕಾಣುವ ಹಳದಿ ಕಪ್ಲರ್, ಹಳದಿ ವೈರು. ಅದು ಏರ್‌ಬ್ಯಾಗಿನದು. ಮಲ್ಟಿಮೀಟರ್ ಇಟ್ಟು ಪರೀಕ್ಷಿಸಲೂಬಾರದು, ಮೀಟರಿನ ಸಣ್ಣ ಕರೆಂಟಿಗೇ ಅದು ಸಿಡಿಯಬಹುದು.

ಇಂಜಿನ್ನಿನ ವೇಗದ ಜೊತೆ ಏರುವ ಕುಂಯ್ ಸದ್ದು ಬಂದರೆ ಆಂಪ್ಲಿಫೈಯರ್ ಕೆಟ್ಟಿದೆ ಎಂದು ವಾಪಸ್ ಒಯ್ಯಬೇಡಿ. ಹೆಚ್ಚಿನ ಸಲ ಅದು ಅರ್ಥಿಂಗಿನ, ಅಂದರೆ ಆಂಪ್ಲಿಫೈಯರಿನ ಮೈನಸ್ ವೈರನ್ನು ಬಾಡಿಗೆ ಸೇರಿಸಿದ ಕಡೆಯ ದೋಷ. ಬಣ್ಣದ ಮೇಲೆ ಬೋಲ್ಟ್ ಬಿಗಿದಿರುತ್ತಾರೆ. ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿ, ಅರ್ಧ ಮೀಟರಿಗಿಂತ ಗಿಡ್ಡ ವೈರಿನಿಂದ, ಸೀಟ್‌ಬೆಲ್ಟಿನ ಬೋಲ್ಟ್ ಬಿಟ್ಟು ಬೇರೆ ಕಡೆ ಬಿಗಿಯಿರಿ. ಸ್ಟೀರಿಯೋದಿಂದ ಸಿಗ್ನಲ್ ತರುವ ಆರ್‌ಸಿಎ ಕೇಬಲ್ಲನ್ನು ಪವರ್ ವೈರಿನ ಎದುರು ಬದಿಯಲ್ಲಿ ಎಳೆಯಿರಿ.

"ಭಾರ ಇದೆ, ಬಾಕ್ಸ್ ಎಲ್ಲಿಗೂ ಹೋಗಲ್ಲ" ಎಂಬ ಧೈರ್ಯವೂ ಬೇಡ. ಗಂಟೆಗೆ 50 ಕಿಲೋಮೀಟರಿನಲ್ಲಿ ಕಾರು ಗುದ್ದಿ ನಿಂತರೆ 20 ಕಿಲೋ ಬಾಕ್ಸ್ ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು ಅದು, ಹ್ಯಾಚ್‌ಬ್ಯಾಕಿನಲ್ಲಿ ಎದುರಿಗಿರುವುದು ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಬೆನ್ನು. ಎಲ್-ಕ್ಲಾಂಪ್ ಹಾಕಿ ಬೋಲ್ಟಿನಿಂದ ಬಿಗಿಯಿರಿ, ಇಲ್ಲವೇ ಡಿಕ್ಕಿಯಲ್ಲಿರುವ ಕೊಕ್ಕೆಗಳಿಗೆ ರ‍್ಯಾಚೆಟ್ ಬೆಲ್ಟ್ ಎಳೆದು ಕಟ್ಟಿ. ಡ್ರಿಲ್ ಹಿಡಿಯುವ ಮೊದಲು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಪೆಟ್ರೋಲ್ ಟ್ಯಾಂಕೂ ಅದರ ಪೈಪುಗಳೂ ಆ ತಗಡಿನ ಆಚೆಗೇ ಇರುತ್ತವೆ.