ದ್ವೀಪದ ಮರೆಯಲ್ಲಿ ಒಂದು ಸಂಜೆಯ ಊಟ

ಮುಂಬಯಿಯ ವಿದ್ಯಾರ್ಥಿಗಳಿಗೆ ಸಮುದ್ರದಲ್ಲಿ ಸೂರ್ಯ ಮುಳುಗುವ ನೋಟ ಹೊಸದೇನೂ ಅಲ್ಲ. ದಾದರಿನ ಚೌಪಾಟಿಯಲ್ಲಿ ಭೇಳಪುರಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಾವೆಲ್ಲರೂ ಅದನ್ನು ಎಷ್ಟೋ ಸಲ ನೋಡಿದ್ದೇವೆ. ಅದೇ ನೋಟಕ್ಕಾಗಿ ಹಣ ತೆತ್ತು, ಹಡಗು ಹತ್ತಿ, ಅದರ ಮೇಲೆಯೇ ರಾತ್ರಿಯ ಊಟವನ್ನೂ ಮುಗಿಸಿಕೊಂಡು ಬರುವ ಪದ್ಧತಿ ಉಷ್ಣವಲಯದ ಅನೇಕ ದ್ವೀಪಗಳಲ್ಲಿ ಉಂಟು. ಪಾಠ ಹೇಳುವ ಕೆಲಸದಿಂದ ನಿವೃತ್ತರಾದ ನಮಗೆ ಏಪ್ರಿಲ್ ತಿಂಗಳ ಮೂರನೆಯ ವಾರದಲ್ಲಿ ಅಂಥದೊಂದು ಯಾನ ಒದಗಿ ಬಂದಿತು. ಅಮೆರಿಕದಲ್ಲಿರುವ ಮಗಳೂ ಅಳಿಯನೂ ನಮ್ಮಿಬ್ಬರನ್ನು ಹವಾಯಿ ದ್ವೀಪಸಮೂಹದ ಮಾವಿ ಎಂಬ ದ್ವೀಪಕ್ಕೆ ಕರೆದೊಯ್ದಿದ್ದರು. ಕೆಲಸ ಬಿಟ್ಟರೂ ಪಾಠ ಹೇಳುವ ಚಟ ಬಿಟ್ಟಿಲ್ಲವಾದ್ದರಿಂದ ಈ ಬರಹದಲ್ಲಿ ಭೂಗೋಳದ ಪಾಠವೊಂದು ನುಸುಳಿದ್ದರೆ ವಾಚಕರು ಕ್ಷಮಿಸಬೇಕು.

ಮೊದಲು ನಕಾಶೆಯನ್ನು ತೆರೆಯಿರಿ. ಹವಾಯಿ ದ್ವೀಪಗಳು ಪೆಸಿಫಿಕ್ ಮಹಾಸಾಗರದ ನಡುವೆ, ಹತ್ತಿರದ ಭೂಖಂಡದಿಂದ 2,000 ಮೈಲಿಗೂ ಹೆಚ್ಚು ದೂರದಲ್ಲಿ ಇವೆ. ಅವೆಲ್ಲವೂ ಸಮುದ್ರತಳದಿಂದ ಮೇಲೆದ್ದ ಜ್ವಾಲಾಮುಖಿಗಳ ನೆತ್ತಿಗಳೇ. 1893ರ ವರೆಗೆ ಅವುಗಳಿಗೆ ತಮ್ಮದೇ ಆದ ಅರಸುಮನೆತನವಿತ್ತು. ಆ ವರ್ಷ ಕಬ್ಬಿನ ತೋಟಗಳ ಧಣಿಗಳೂ ವರ್ತಕರೂ ಸೇರಿ ರಾಣಿಯನ್ನು ಸಿಂಹಾಸನದಿಂದ ಇಳಿಸಿದರು. 1898ರಲ್ಲಿ ಅಮೆರಿಕ ಅವನ್ನು ತನ್ನಲ್ಲಿ ಸೇರಿಸಿಕೊಂಡಿತು. 1959ರಲ್ಲಿ ಅವು ಆ ದೇಶದ 50ನೆಯ ರಾಜ್ಯವಾದವು. ನಾವು ಹಡಗು ಹತ್ತಿದ ಕಡಲತೀರದ ಹೆಸರು ಕಾನಪಾಲಿ. ಕೇಳಿದರೆ ಆಂಧ್ರದ ಯಾವುದೋ ಹಳ್ಳಿಯ ನೆನಪಾಗುವಂತಿದೆಯಲ್ಲವೆ? ಅದು ಮಾವಿಯ ಪಡುವಣ ದಡದಲ್ಲಿ, ಉತ್ತರ ಅಕ್ಷಾಂಶ 21ರ ಸುಮಾರಿಗೆ ಇದೆ. ಮುಂಬಯಿ 19ರಲ್ಲಿರುವುದು. ಅಂದರೆ ಭೂಗೋಳದ ಬೆನ್ನಿನ ಮೇಲೆ ಎರಡೂ ಹೆಚ್ಚು ಕಡಿಮೆ ಒಂದೇ ಪಟ್ಟಿಯ ಮೇಲಿನ ಸ್ಥಳಗಳು. ಗಡಿಯಾರ ಮಾತ್ರ ಬೇರೆ. ಅಲ್ಲಿ ಸಂಜೆ ಪೌಣೇ ಏಳಾದಾಗ ಇಲ್ಲಿ ಮರುದಿನದ ಬೆಳಗಿನ ಹತ್ತೂಕಾಲು. ನಾವು ಊಟಕ್ಕೆ ಕುಳಿತ ಹೊತ್ತಿಗೆ ನೀವು ವಾರ್ಷಿಕ ಪರೀಕ್ಷೆಯ ಪ್ರಶ್ನಪತ್ರಿಕೆಯ ಮೇಲೆ ಬಗ್ಗಿದ್ದಿರಬೇಕು.

ಕಾನಪಾಲಿಯಲ್ಲಿ ಹಡಗಿಗೆ ಕಟ್ಟೆಯಿಲ್ಲ. ಅದು ಮೂತಿಯನ್ನು ನೇರವಾಗಿ ಮರಳಿಗೆ ತಾಗಿಸಿ ನಿಂತು ಏಣಿಯನ್ನು ಇಳಿಬಿಡುತ್ತದೆ. ಪ್ರಯಾಣಿಕರು ಪಾದರಕ್ಷೆಗಳನ್ನು ಕಳಚಿ ಒಂದು ದೊಡ್ಡ ಬುಟ್ಟಿಗೆ ಹಾಕಿ, ಮೊಣಕಾಲಿನ ವರೆಗೆ ನೀರಿನಲ್ಲಿ ನಡೆದು, ತೆರೆ ಹಿಂದೆ ಸರಿದ ಕ್ಷಣ ನೋಡಿ ಏಣಿ ಏರಬೇಕು. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ರೂಢಿಯಿರುವ ನಮಗೆ ಇದು ಕಷ್ಟವಾಗಲಿಲ್ಲ. ಬಿಗಿಯಾದ ಬೂಟುಗಳನ್ನು ಹಾಕಿ ಬಂದಿದ್ದ ಕೆಲವರು ಪಟ್ಟ ಪಾಡನ್ನು ಮಾತ್ರ ಹೇಳಲಾರೆವು.

ಆ ಹಡಗು ಒಂದೊಡಲಿನದಲ್ಲ. ಎರಡು ನೀಳವಾದ ಒಡಲುಗಳನ್ನು ಅಕ್ಕಪಕ್ಕ ಇಟ್ಟು, ಮೇಲೆ ಒಂದೇ ಹಲಗೆಯ ನೆಲ ಹಾಸಿದ ಬಗೆಯದು. ಇದನ್ನು ಲೋಕವೆಲ್ಲ ಕೆಟಮರಾನ್ ಎಂದು ಕರೆಯುತ್ತದೆ. ಈ ಶಬ್ದದ ಮೂಲ ತಮಿಳಿನ ‘ಕಟ್ಟುಮರಂ’. ಕನ್ನಡಿಗರಿಗೆ ಇದರ ಅರ್ಥ ಹೇಳಬೇಕಾದುದಿಲ್ಲ. ಚೆನ್ನೈಯ ಕಡೆಯ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಸಮುದ್ರಕ್ಕೆ ಇಳಿಸುತ್ತಿದ್ದ ತೆಪ್ಪದ ಹೆಸರು ಅದು. ಯುರೋಪಿನ ನಾವಿಕರು ಆ ಹೆಸರನ್ನು ಒಯ್ದು ಬೇರೊಂದು ಬಗೆಯ ಹಡಗಿಗೆ ಅಂಟಿಸಿದರು. ಜೋಡಿ ಒಡಲಿನ ವಿದ್ಯೆಯಾದರೋ ಪೆಸಿಫಿಕ್ ದ್ವೀಪವಾಸಿಗಳದು. ಹವಾಯಿಯ ಪೂರ್ವಜರು ಅಂಥ ದೋಣಿಗಳಲ್ಲಿಯೇ ನಕ್ಷತ್ರಗಳನ್ನೂ ತೆರೆಗಳ ದಿಕ್ಕನ್ನೂ ನೋಡಿಕೊಂಡು ಈ ದ್ವೀಪಗಳಿಗೆ ಬಂದರು. ದಿಕ್ಸೂಚಿಯಿಲ್ಲದೆ ಇದು ಸಾಧ್ಯವೇ ಎಂದು ಸಂಶಯಪಡುವವರಿಗೆ ಉತ್ತರ ಕೊಡಲು 1976ರ ಮೇ 1ರಂದು ‘ಹೋಕುಲೇಆ’ ಎಂಬ ಜೋಡಿದೋಣಿ ಇದೇ ಮಾವಿಯ ಹೊನೊಲುವಾ ಕೊಲ್ಲಿಯಿಂದ ಹೊರಟಿತು. ಮಾವು ಪಿಯಾಯ್ಲುಗ್ ಎಂಬ ಹಿರಿಯ ನಾವಿಕನು ಯಾವ ಯಂತ್ರದ ಸಹಾಯವೂ ಇಲ್ಲದೆ ಅದನ್ನು ಜೂನ್ ಮೊದಲ ವಾರದಲ್ಲಿ ತಹೀತಿ ದ್ವೀಪಕ್ಕೆ ಮುಟ್ಟಿಸಿದನು.

ಎರಡು ಒಡಲುಗಳಿರುವುದರಿಂದ ಹಡಗು ಕಡಿಮೆ ಓಲಾಡುತ್ತದೆ. ಆದರೂ ಮಹಾಸಾಗರದ ಮೇಲೆ ಕುಳಿತು, ತಟ್ಟೆಯಲ್ಲಿನ ಸಾರು ಚೆಲ್ಲದೆ ಊಟ ಮಾಡಲು ಒಡಲುಗಳಷ್ಟೇ ಸಾಲವು. ಇದರ ಗುಟ್ಟು ನಮ್ಮ ಬೆನ್ನ ಹಿಂದೆ, ದಡದ ಮೇಲೆ ಇತ್ತು.

ಹವಾಯಿಯಲ್ಲಿ ವರ್ಷದ ಬಹುಭಾಗ ಈಶಾನ್ಯದಿಂದ ವಾಣಿಜ್ಯ ಮಾರುತಗಳು ಬೀಸುತ್ತವೆ. ತುಂಬುಹಾಯಿಯ ಹಡಗುಗಳ ಕಾಲದಲ್ಲಿ ವ್ಯಾಪಾರಿಗಳಿಗೆ ಅನುಕೂಲವಾಗಿದ್ದ ಈ ಗಾಳಿ ಇಂದಿಗೂ ಬಯಲು ಸಮುದ್ರವನ್ನು ಕಲಕುತ್ತದೆ. ಮಾವಿಯ ಪಡುವಣ ಪರ್ವತಗಳು ಈ ಗಾಳಿಗೆ ಅಡ್ಡವಾಗಿ ನಿಂತಿವೆ. ತೇವ ತುಂಬಿದ ಗಾಳಿ ಅವುಗಳ ಮೈಯನ್ನು ಏರುವಾಗ ತಣಿದು ಮಳೆ ಸುರಿಸುತ್ತದೆ. ಸುಮಾರು 5,800 ಅಡಿ ಎತ್ತರದ ಪುಉ ಕುಕುಯಿ ಎಂಬ ಶಿಖರದಲ್ಲಿ ವರ್ಷಕ್ಕೆ ಸರಾಸರಿ 365 ಅಂಗುಲದಷ್ಟು, ಅಂದರೆ ನಮ್ಮ ಆಗುಂಬೆಯನ್ನೂ ಮೀರಿಸುವಷ್ಟು, ಮಳೆ! ಅಲ್ಲಿಂದ ಹತ್ತೇ ಕಿಲೋಮೀಟರ್ ಕೆಳಗೆ, ಪರ್ವತದ ಈಚೆ ಮಗ್ಗುಲಲ್ಲಿ, ಕಡಲದಡದ ಲಹೈನಾ ಪಟ್ಟಣಕ್ಕೆ 15 ಅಂಗುಲ ಬಿದ್ದರೆ ಹೆಚ್ಚು. ‘ಲಾ ಹೈನಾ’ ಎಂದರೆ ‘ಕ್ರೂರ ಸೂರ್ಯ’ ಎಂದು ಅಲ್ಲಿಯವರು ಅರ್ಥ ಹೇಳುತ್ತಾರೆ. ನಿಮ್ಮಲ್ಲಿ ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಬಂದ ಮನೆತನದವರು ಅನೇಕರಿರುವಿರಷ್ಟೆ. ಸಹ್ಯಾದ್ರಿಯು ಮಳೆಗಾಳಿಯ ನೀರನ್ನು ಕೊಂಕಣಕ್ಕೆ ಹಿಂಡಿಕೊಟ್ಟು ನಿಮ್ಮ ಅಜ್ಜಂದಿರ ಹೊಲಗಳಿಗೆ ಬರಿಯ ಗಾಳಿಯನ್ನು ದಾಟಿಸುತ್ತದೆ. ಲಹೈನಾ ಅಂಥದೇ ಮಳೆಯ ನೆರಳಿನ ಊರು. ಗಾಳಿಯ ನೆರಳೂ ಅದೇ. ಗಾಳಿಯ ಮರೆಯಿರುವುದರಿಂದ ಕಡಲು ಕೊಳದಂತೆ ಸ್ತಬ್ಧ. ಮಳೆಯ ಮರೆಯಿರುವುದರಿಂದ ಆಕಾಶ ನಿರ್ಮಲ. ಸೂರ್ಯಾಸ್ತದ ಹಡಗುಗಳು ಈ ದಡವನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಪರ್ವತದ ಮರೆ ತಪ್ಪಿದೊಡನೆ ತೆರೆಗಳು ಏಳುತ್ತವೆ.

ನಮ್ಮ ಹಡಗೂ ಯಂತ್ರವನ್ನು ನಿಲ್ಲಿಸಿ ಹಾಯಿ ಬಿಚ್ಚಿ, ದಡಕ್ಕೆ ಸಮಾನಾಂತರವಾಗಿ ದಕ್ಷಿಣದತ್ತ ಮೆಲ್ಲನೆ ಸರಿಯಿತು. ನಮ್ಮ ಮನೆಯವರು ಮುನ್ನೆಚ್ಚರಿಕೆಗಾಗಿ ಶುಂಠಿಯ ಚೂರೊಂದನ್ನು ದವಡೆಯಲ್ಲಿ ಇಟ್ಟುಕೊಂಡಿದ್ದರು. ಹಡಗಿನಲ್ಲಿ ತಲೆ ತಿರುಗುವುದೇಕೆಂದರೆ, ಒಳಗಿವಿಯು ‘ಓಲಾಡುತ್ತಿದ್ದೇವೆ’ ಎನ್ನುತ್ತದೆ, ಮೇಜು ತಟ್ಟೆಗಳನ್ನು ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ದಿಗಂತವನ್ನು ನೋಡುತ್ತಿದ್ದರೆ ಇಬ್ಬರಿಗೂ ರಾಜಿಯಾಗುತ್ತದೆ.

ಊಟವನ್ನು ದಡದಲ್ಲಿ ಬೇಯಿಸಿ, ಮುಚ್ಚಿದ ಪಾತ್ರೆಗಳಲ್ಲಿ ಬಿಸಿಯಾಗಿ ತಂದಿದ್ದರು. ಹಂದಿಯೂ ಮೀನೂ ಅಲ್ಲಿಯವರಿಗೆ ಮುಖ್ಯ. ನಮ್ಮಂಥ ಶಾಕಾಹಾರಿಗಳು ಚೀಟಿ ಕಾದಿರಿಸುವಾಗಲೇ ತಿಳಿಸಬೇಕು. ತಿಳಿಸದಿದ್ದರೆ ಅನ್ನವೂ ಅನಾನಸೂ ಮಾತ್ರ ಗತಿ. ಪಾನೀಯಗಳ ವಿಚಾರ ಶಾಲೆಯ ಸಂಚಿಕೆಗೆ ಬೇಡ. ನಮ್ಮ ತಟ್ಟೆಯಲ್ಲಿ ನಮಗೆ ಬೆರಗು ತಂದದ್ದು ನೇರಳೆ ಬಣ್ಣದ ಒಂದು ಹಿಟ್ಟು. ಅದರ ಹೆಸರು ‘ಪೋಯಿ’. ನಾಲಗೆಗೆ ತಾಗಿಸಿದೊಡನೆ ನಮ್ಮ ಮನೆಯವರು ‘ಇದು ಕೆಸವಿನ ಗಡ್ಡೆ’ ಎಂದರು. ನಿಜವೇ. ಕೆಸವನ್ನು ಬೇಯಿಸಿ ಕುಟ್ಟಿ ನೀರು ಬೆರೆಸಿದ ಈ ಹಿಟ್ಟು ಹವಾಯಿಯ ಮೂಲನಿವಾಸಿಗಳ ನಿತ್ಯದ ಅನ್ನ. ಏಷ್ಯದ ಈ ಗಡ್ಡೆಯನ್ನು ಅವರ ಪೂರ್ವಜರು ಜೋಡಿದೋಣಿಗಳಲ್ಲಿ ಜತನದಿಂದ ತಂದು ಇಲ್ಲಿ ನೆಟ್ಟರು. ಎಲೆಗಳಲ್ಲಿ ಮಾಂಸ ಸುತ್ತಿ ಬೇಯಿಸುವ ಕ್ರಮವೂ ಉಂಟು. ನಮ್ಮ ಕರಾವಳಿಯ ಪತ್ರೊಡೆ ತಿಂದು ಬೆಳೆದವರು ಆ ಎಲೆಯನ್ನು ನೋಡಿದೊಡನೆ ಗುರುತಿಸಿಯಾರು.

ಎಡಕ್ಕೆ ಲಾನಾಯಿ ದ್ವೀಪ, ಬಲಕ್ಕೆ ಮೊಲೊಕಾಯಿ. ಲಾನಾಯಿಯ ನೆಲದಲ್ಲಿ 100ಕ್ಕೆ 98 ಪಾಲನ್ನು 2012ರಲ್ಲಿ ಒಬ್ಬನೇ ಧನಿಕನು ಕೊಂಡನೆಂದು ಕೇಳಿ ನಮಗೆ ತುತ್ತು ಕೆಲಕಾಲ ಕೈಯಲ್ಲಿಯೇ ನಿಂತಿತು. ಏಪ್ರಿಲಿನಲ್ಲಿ ಸೂರ್ಯನು ಈ ಎರಡು ದ್ವೀಪಗಳ ನಡುವಣ ಬಯಲು ನೀರಿನಲ್ಲಿ ಇಳಿಯುತ್ತಾನೆ. ಆ ದಿನ ಇನ್ನೂ ಒಂದು ತಿಮಿಂಗಿಲ ದೂರದಲ್ಲಿ ಬಾಲವೆತ್ತಿ ಮರೆಯಾಯಿತು. ಚಳಿಗಾಲ ಕಳೆಯಲು ಅಲಾಸ್ಕದ ಕಡೆಯಿಂದ ಬಂದು ಇಲ್ಲಿ ಮರಿ ಹಾಕುವ ತಿಮಿಂಗಿಲಗಳಲ್ಲಿ ಬಹುತೇಕ ಆ ವೇಳೆಗೆ ಮರಳಿಹೋಗಿರುತ್ತವೆ.

ಸೂರ್ಯನ ಬಿಂಬದ ಕೆಳಅಂಚು ನೀರನ್ನು ಮುಟ್ಟಿತು. ನಾವು ಕೈಗಡಿಯಾರವನ್ನು ನೋಡಿಕೊಂಡೆವು. ಮೇಲಂಚು ಮರೆಯಾಗುವುದಕ್ಕೆ ಹಿಡಿದದ್ದು ಎರಡೂಕಾಲು ನಿಮಿಷ. ಲಂಡನ್ನಿನಲ್ಲಾದರೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಉಷ್ಣವಲಯದಲ್ಲಿ ಸೂರ್ಯನು ದಿಗಂತಕ್ಕೆ ಬಹುಮಟ್ಟಿಗೆ ನೆಟ್ಟಗೆ ಇಳಿಯುತ್ತಾನೆ. ಉತ್ತರದ ದೇಶಗಳಲ್ಲಿ ಓರೆಯಾಗಿ ಜಾರುತ್ತಾನೆ. ಆದ್ದರಿಂದಲೇ ಇಲ್ಲಿ ಮುಸ್ಸಂಜೆಯೂ ಗಿಡ್ಡ. ಇಪ್ಪತ್ತೆರಡು ನಿಮಿಷಗಳಲ್ಲಿ ಓದಲಾಗದಷ್ಟು ಕತ್ತಲೆ. ಮತ್ತೊಂದು ಚೋದ್ಯವುಂಟು. ಬಿಂಬವು ನೀರನ್ನು ಮುಟ್ಟಿದಂತೆ ಕಾಣುವಾಗ ನಿಜವಾದ ಸೂರ್ಯ ಆಗಲೇ ದಿಗಂತದ ಕೆಳಗೆ ಇರುತ್ತಾನೆ. ವಾಯುಮಂಡಲವು ಬೆಳಕನ್ನು ಬಾಗಿಸಿ, ಮುಳುಗಿದವನನ್ನು ಎತ್ತಿ ತೋರಿಸುತ್ತದೆ. ನೆತ್ತಿಯ ಸೂರ್ಯನ ಬೆಳಕಿಗಿಂತ ಆ ಹೊತ್ತಿನ ಬೆಳಕು ಸುಮಾರು 38 ಪಟ್ಟು ಹೆಚ್ಚು ಗಾಳಿಯನ್ನು ಹಾಯ್ದು ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ನೀಲಿಯ ಮಾತು ಬಂದಾಗ ಸಿ. ವಿ. ರಾಮನ್ನರ ನೆನಪಾಗದಿರದು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ನಿನ ನೀಲಿಯನ್ನು ನೋಡಿ, ಇದು ಆಕಾಶದ ಪ್ರತಿಬಿಂಬವಷ್ಟೇ ಎಂಬ ಅಂದಿನ ಮಾತನ್ನು ಅವರು ಒಪ್ಪಲಿಲ್ಲ. ಹಡಗಿನ ಮೇಲೆಯೇ ಸಣ್ಣ ಪಟ್ಟಕವೊಂದರಿಂದ ಪರೀಕ್ಷಿಸಿದರು. ಹಡಗಿನ ಪ್ರಯಾಣ ಎಲ್ಲರಿಗೂ ವಿಹಾರವಲ್ಲ ನೋಡಿ. ಸೂರ್ಯನ ಕೊನೆಯ ಚೂರು ಅಪರೂಪಕ್ಕೆ ಒಂದು ಕ್ಷಣ ಹಸಿರಾಗಿ ಮಿಂಚುವುದುಂಟು. ನಮಗೆ ಕಾಣಲಿಲ್ಲ, ಕಂಡೆವೆಂದು ಪಕ್ಕದ ಮೇಜಿನವರು ಕೊನೆಯ ವರೆಗೂ ವಾದಿಸಿದರು.

ಎಲ್ಲರೂ ಪಡುವಣಕ್ಕೆ ಮುಖ ಮಾಡಿದ್ದ ಆ ಎರಡೂಕಾಲು ನಿಮಿಷ ನಮಗೆ ಬಡಿಸುತ್ತಿದ್ದ ಯುವಕನು ಮಾತ್ರ ಮೂಡಣಕ್ಕೆ, ದಡದ ಕಡೆಗೆ ನೋಡುತ್ತ ನಿಂತಿದ್ದನು. ನಮ್ಮ ಮಗಳು ಕಾರಣ ಕೇಳಿದಳು. ‘ಅದು ನಮ್ಮ ಬೀದಿ’ ಎಂದು ಅವನು ಲಹೈನಾದ ಒಂದು ಬರಿದಾದ ತಾಣವನ್ನು ತೋರಿಸಿದನು.

2023ರ ಆಗಸ್ಟ್ 8ರಂದು ಆ ಪಟ್ಟಣ ಸುಟ್ಟುಹೋಯಿತು. 102 ಜನ ಸತ್ತರು; 2,000ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. 1845ರ ವರೆಗೆ ಹವಾಯಿ ರಾಜ್ಯದ ರಾಜಧಾನಿಯಾಗಿದ್ದ ಊರು ಅದು. ಊರ ಮೇಲಿನ ಇಳಿಜಾರುಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನೀರುಣಿಸಿ ಕಬ್ಬು ಬೆಳೆದಿದ್ದರು. 1999ರಲ್ಲಿ ಸಕ್ಕರೆಯ ಕಾರಖಾನೆ ಮುಚ್ಚಿತು. ಬೀಳುಬಿದ್ದ ಹೊಲಗಳನ್ನು ಪರದೇಶದ ಎತ್ತರದ ಹುಲ್ಲುಗಳು ಆವರಿಸಿದವು. ಮಳೆಯ ನೆರಳಿನ ನೆಲದಲ್ಲಿ ಆ ಹುಲ್ಲು ಬೇಸಗೆಯಲ್ಲಿ ಒಣಗಿ ಸೌದೆಯಾಯಿತು. ಆ ದಿನ ಉತ್ತರದಲ್ಲಿ ವಾಯುಭಾರ ಏರಿದ್ದುದರಿಂದ ಗಾಳಿ ಎಂದಿನಂತೆ ಶಿಖರಗಳಲ್ಲಿ ತಡೆಯದೆ, ಪರ್ವತವನ್ನು ದಾಟಿ ಈಚೆಯ ಇಳಿಜಾರಿನಲ್ಲಿ ಗಂಟೆಗೆ 60 ಮೈಲಿಗೂ ಮಿಕ್ಕ ವೇಗದಿಂದ ಧುಮುಕಿತು. ಇಳಿಯುವ ಗಾಳಿ ಬಿಸಿಯಾಗುತ್ತದೆ, ಇನ್ನಷ್ಟು ಒಣಗುತ್ತದೆ. ಬಿದ್ದ ವಿದ್ಯುತ್ ತಂತಿಯಿಂದ ಬೆಳಗ್ಗೆ ಹೊತ್ತಿಕೊಂಡ ಕಿಚ್ಚು ಆರಿದಂತೆ ತೋರಿ, ಮಧ್ಯಾಹ್ನ ಮತ್ತೆ ಭುಗಿಲೆದ್ದಿತು. ಯಾವ ಪರ್ವತ ನಮ್ಮ ತಟ್ಟೆಯ ಸಾರು ಚೆಲ್ಲದಂತೆ ಕಾದಿತ್ತೋ ಅದರ ಮಗ್ಗುಲಿನಿಂದಲೇ ಬೆಂಕಿ ಊರಿಗೆ ಇಳಿಯಿತು. ದಾರಿ ಕಾಣದೆ ಕೆಲವರು ಸಮುದ್ರಕ್ಕೆ ಹಾರಿದರು. ಬಂದರಿನಲ್ಲಿದ್ದ ದೋಣಿಗಳೂ ಉರಿದವು. ಮುಂದಿನ ದಿನಗಳಲ್ಲಿ, ಪ್ರವಾಸಿಗರನ್ನು ಸೂರ್ಯಾಸ್ತಕ್ಕೆ ಒಯ್ಯುತ್ತಿದ್ದ ಬೇರೆ ಕಡೆಯ ದೋಣಿಗಳು ಕುಡಿಯುವ ನೀರು, ಆಹಾರ, ಔಷಧಗಳನ್ನು ಹೇರಿಕೊಂಡು ಬಂದು ಕಾನಪಾಲಿಯ ಮರಳಿಗೇ ಮೂತಿ ತಾಗಿಸಿ ಇಳಿಸಿದವು.

ಮನೆ ಕಳೆದುಕೊಂಡವರ ಊರಿಗೆ ವಿಹಾರಕ್ಕೆ ಬರುವುದು ಸರಿಯೇ ಎಂದು ನಾವು ಆ ಯುವಕನನ್ನು ಕೇಳಿದೆವು. 2023ರ ಅಕ್ಟೋಬರಿನಲ್ಲಿ ಆ ದಡವನ್ನು ಪ್ರವಾಸಿಗರಿಗೆ ಮತ್ತೆ ತೆರೆದಾಗ, ಇಷ್ಟು ಬೇಗ ಬೇಡವೆಂದು ಅಲ್ಲಿಯ ಅನೇಕರು ಎದುರು ಹೇಳಿದ್ದರು. ತನ್ನ ತಾಯಿಯೂ ಹಾಗೆಯೇ ಹೇಳಿದ್ದಳೆಂದೂ, ಬಾಡಿಗೆ ಕೊಡಲು ತನಗೆ ಈ ಕೆಲಸ ಬೇಕಾಗಿತ್ತೆಂದೂ ಅವನು ಹೇಳಿದನು. ಇಬ್ಬರಲ್ಲಿ ಯಾರದು ಸರಿಯೆಂದು ಅವನು ಹೇಳಲಿಲ್ಲ, ನಮಗೂ ತೋಚಲಿಲ್ಲ. ಹೊರಡುವ ಮೊದಲು ಅವನೇ, ‘ನೀವು ಭಾರತದವರಲ್ಲವೆ, ನಾಳೆ ನಿಮ್ಮ ಮರವನ್ನು ನೋಡಿಬನ್ನಿ’ ಎಂದನು.

ಅದು ಆಲದ ಮರ. ಭಾರತದಿಂದ ತಂದ ಎಂಟು ಅಡಿಯ ಸಸಿಯನ್ನು 1873ರ ಏಪ್ರಿಲ್ 24ರಂದು ಲಹೈನಾದಲ್ಲಿ ನೆಟ್ಟಿದ್ದರು. ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದಂತೆ ಬಿಳಲು ಇಳಿಸಿ ನಲವತ್ತಕ್ಕೂ ಹೆಚ್ಚು ಕಾಂಡಗಳಾಗಿ ಅದು ಹಬ್ಬಿತ್ತು. ಬೆಂಕಿಯಲ್ಲಿ ಕಮರಿ ಕಪ್ಪಾಯಿತು. ಊರಿನವರು ಅದಕ್ಕೆ ನೀರೆರೆದರು, ಗೊಬ್ಬರ ಹಾಕಿದರು. ಆರು ವಾರಗಳು ತುಂಬುವಷ್ಟರಲ್ಲಿ ಚಿಗುರು ಕಾಣಿಸಿಕೊಂಡಿತು. ಸತ್ತ ಕೊಂಬೆಗಳನ್ನು ಕತ್ತರಿಸಿ ತೆಗೆಯಬೇಕಾಯಿತು. ಮರುದಿನ ನಾವು ಅದನ್ನು ದೂರದಿಂದ ಕಂಡೆವು. ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲು ದಟ್ಟವಾದ ಹಸಿರು.

ಆ ರಾತ್ರಿ ಹಡಗು ದಡಕ್ಕೆ ಬಂದಾಗ ಪೂರ್ತಿ ಕತ್ತಲಾಗಿತ್ತು. ಯುವಕನು ನೀರಿನಲ್ಲಿ ಇಳಿದು ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದನು. ಪಾದರಕ್ಷೆಗಳ ಬುಟ್ಟಿಯ ಸುತ್ತ ದೀಪ ಹಿಡಿದುಕೊಂಡು ಬಹಳ ಹೊತ್ತು ಹುಡುಕಾಟ ನಡೆಯಿತು. ದಾದರಿನಲ್ಲಿ ಕೊಂಡ ನಮ್ಮ ಚರ್ಮದ ಚಪ್ಪಲಿಗಳು ಬುಟ್ಟಿಯ ತಳದಲ್ಲಿ, ಒದ್ದೆಯಾಗಿ, ಜೊತೆಯಾಗಿಯೇ ಇದ್ದವು.